ಮಣ್ಣಿನ ಕೋಟೆಯೊಳಗೆ ಮಲಗಿರುವ ಮೇಷ್ಟರು: ನಾರ್ಡನ್‌ನಲ್ಲಿ ಒಂದು ಹಗಲು

ಸಕಲೇಶಪುರದ ಕಡೆಯ ಪ್ರೌಢಶಾಲೆಯೊಂದರಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನನಗೆ ಕೋಟೆ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಮಂಜರಾಬಾದ್. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಆ ಎಂಟು ಮೂಲೆಗಳ ಕೋಟೆಗೆ ಪ್ರತಿ ವರ್ಷ ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಮಂಜು ಸರಿಯುವವರೆಗೆ ಅವರನ್ನು ನಡುವಿನ ಶಿಲುಬೆಯಾಕಾರದ ಬಾವಿಯ ಬಳಿ ಕೂರಿಸಿ, ಫ್ರಾನ್ಸಿನ ವೋಬಾನ್ ಎಂಬ ಸೇನಾ ಎಂಜಿನಿಯರನ ಕೋಟೆಗಳ ಮಾದರಿ ನಮ್ಮ ಮಲೆನಾಡಿನ ಗುಡ್ಡಕ್ಕೆ ಬಂದ ಕಥೆಯನ್ನು ಹೇಳುತ್ತಿದ್ದೆ. ಆದರೆ ಆ ಮಾದರಿ ಹುಟ್ಟಿ ಬೆಳೆದ ಯುರೋಪಿನ ಒಂದು ಕೋಟೆಯನ್ನೂ ನಾನು ಕಂಡಿರಲಿಲ್ಲ. ಈ ವರ್ಷ ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳಿದ್ದಾಗ, ಒಂದು ಸಂಜೆ ಅವಳು ಮೊಬೈಲಿನಲ್ಲಿ ಆಕಾಶದಿಂದ ತೆಗೆದ ಚಿತ್ರವೊಂದನ್ನು ತೋರಿಸಿ, "ಅಮ್ಮಾ, ನಿನ್ನ ಮಂಜರಾಬಾದಿಗೆ ಒಬ್ಬಳು ಅಕ್ಕ ಇದ್ದಾಳೆ ನೋಡು" ಎಂದಳು. ಹಸಿರು ನೆಲದ ಮೇಲೆ ಆರು ಮೂಲೆಗಳ ನಕ್ಷತ್ರ, ಅದರ ಸುತ್ತ ಎರಡು ಸುತ್ತು ನೀರು, ನಕ್ಷತ್ರದ ಹೊಟ್ಟೆಯೊಳಗೆ ಕೆಂಪು ಹೆಂಚಿನ ಮನೆಗಳ ಇಡೀ ಊರು. ಅದೇ ನಾರ್ಡನ್. ಆಮ್‌ಸ್ಟರ್‌ಡ್ಯಾಮಿನಿಂದ ಪೂರ್ವಕ್ಕೆ 20 ಕಿಲೋಮೀಟರಿನಷ್ಟು ದೂರ, ಬೆಳಿಗ್ಗೆ ಹೋಗಿ ಸಂಜೆಗೆ ಹಿಂದಿರುಗಬಹುದು.

ಬೆಳಗಿನ ರೈಲು

ಈ ದೇಶದಲ್ಲಿ ಹಲವು ವಸ್ತುಸಂಗ್ರಹಾಲಯಗಳು ಸೋಮವಾರ ಬಾಗಿಲು ಹಾಕಿರುತ್ತವೆ ಎಂಬುದು ಗೊತ್ತಿದ್ದ ಮಗಳು, ಮೊಮ್ಮಗನ ಶಾಲೆಗೂ ಬಿಡುವಿರುವ ಏಪ್ರಿಲ್ ತಿಂಗಳ ಒಂದು ಶನಿವಾರವನ್ನು ಆರಿಸಿದ್ದಳು. ಆಮ್‌ಸ್ಟರ್‌ಡ್ಯಾಮ್ ಜೌಡ್ ನಿಲ್ದಾಣದಿಂದ ರೈಲು ಹಿಡಿದು, ವೇಸ್ಪ್‌ನಲ್ಲಿ ಬದಲಾಯಿಸಿ, ನಾರ್ಡನ್–ಬುಸ್ಸುಮ್ ನಿಲ್ದಾಣದಲ್ಲಿ ಇಳಿಯಬೇಕು. ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿ ಒಳಗೆ ಹೋಗಬಹುದಾದ್ದರಿಂದ ಟಿಕೆಟ್ಟಿನ ತಾಪತ್ರಯವಿಲ್ಲ. ಇಳಿದ ಮೇಲೆ ಅದೇ ಕಾರ್ಡನ್ನು ಮತ್ತೆ ತಾಗಿಸಲು ಮಾತ್ರ ಮರೆಯಬಾರದು, ಮರೆತರೆ ಹೆಚ್ಚಿನ ಹಣ ಕಡಿತವಾಗುತ್ತದೆ.

ವೇಸ್ಪ್ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ನೆಲ ಎಷ್ಟು ಚಪ್ಪಟೆಯೆಂದರೆ, ದೂರದಲ್ಲಿ ಮೇಯುತ್ತಿದ್ದ ಹಸುವಿನ ನಾಲ್ಕು ಕಾಲುಗಳ ನಡುವೆಯೂ ದಿಗಂತ ಕಾಣುತ್ತಿತ್ತು. ಗದ್ದೆಗಳನ್ನು ಬದುಗಳ ಬದಲು ನೀರಿನ ಕಾಲುವೆಗಳು ಬೇರ್ಪಡಿಸಿದ್ದವು. ಗುಡ್ಡವಿಲ್ಲದ, ಬಂಡೆಯಿಲ್ಲದ, ಎತ್ತರವೆಂಬುದೇ ಇಲ್ಲದ ಈ ನೆಲದಲ್ಲಿ ಜನ ಶತ್ರುವನ್ನು ಯಾವುದರಿಂದ ತಡೆದರು ಎಂದು ಮಗಳೊಂದಿಗೆ ಮಾತಾಡುತ್ತಿದ್ದಂತೆಯೇ ನಾವು ಇಳಿಯಬೇಕಾದ ನಿಲ್ದಾಣ ಹಿಂದಕ್ಕೆ ಸರಿದುಹೋಯಿತು. ಮುಂದಿನ ನಿಲ್ದಾಣ ಬುಸ್ಸುಮ್ ಜೌಡ್‌ನಲ್ಲಿ ಇಳಿದು, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಹಿಂದಿರುಗುವ ರೈಲಿಗಾಗಿ ಕಾದೆವು. ಹೆಸರಿನಲ್ಲಿ 'ಬುಸ್ಸುಮ್' ಇರುವ ನಿಲ್ದಾಣಗಳು ಎರಡಿವೆ ಎಂಬುದನ್ನು ಹೊಸಬರು ಗಮನದಲ್ಲಿಟ್ಟುಕೊಳ್ಳಬೇಕು. ಅಲ್ಲಿ ಕಾಯುವಾಗ ಮೊದಲ ಬಾರಿ ಗಾಳಿ ಬೀಸಿತು. ಬಿಸಿಲಿದ್ದರೂ ಕಿವಿ ಕೊರೆಯುವ ಗಾಳಿ.

ಕಣ್ಣಿಗೆ ಬೀಳದ ಕೋಟೆ

ನಿಲ್ದಾಣದಿಂದ ಕೋಟೆಗೆ ಬಸ್ಸೂ ಇದೆ, ಆದರೆ ನಡೆದರೆ ಅರ್ಧ ಗಂಟೆಯೊಳಗಿನ ದಾರಿ. ಮರಗಳ ಸಾಲು, ಅಂದವಾದ ಇಟ್ಟಿಗೆ ಮನೆಗಳು, ಅಂಗಳದಲ್ಲಿ ಅರಳಿದ ಡ್ಯಾಫೊಡಿಲ್ ಹೂಗಳು. ಒಂಬತ್ತು ವರ್ಷದ ಮೊಮ್ಮಗ ಪ್ರತಿ ತಿರುವಿನಲ್ಲೂ "ಕೋಟೆ ಎಲ್ಲಿ ಅಜ್ಜಿ?" ಎಂದು ಕೇಳುತ್ತಿದ್ದ. ಚಿತ್ರದುರ್ಗದ ಕಲ್ಲಿನ ಸುತ್ತುಗಳನ್ನೂ ಮಂಜರಾಬಾದಿನ ಗುಡ್ಡವನ್ನೂ ರಜೆಯಲ್ಲಿ ನೋಡಿದ್ದ ಅವನು ತಲೆಯೆತ್ತಿ ಹುಡುಕುತ್ತಿದ್ದ. ಮರಗಳು ಮುಗಿದಲ್ಲಿ ಅಗಲವಾದ ನೀರು ಕಾಣಿಸಿತು, ನೀರಿನಾಚೆ ಹುಲ್ಲು ಬೆಳೆದ ಒಂದು ತಗ್ಗಾದ ಇಳಿಜಾರು, ಅದರ ಮೇಲೆ ಇನ್ನೊಂದು ಹುಲ್ಲಿನ ದಿಬ್ಬ, ಅದರ ಹಿಂದೆ ಚರ್ಚಿನ ಗೋಪುರ. ಕಂದಕದ ಅಂಚಿಗೆ ಬಂದು ನಿಂತಿದ್ದೇವೆಂದು ತಿಳಿಯಲು ನಮಗೇ ಸ್ವಲ್ಪ ಹೊತ್ತು ಹಿಡಿಯಿತು. "ಇದು ಕೆರೆ ಏರಿ ಅಲ್ವಾ?" ಎಂದ ಮೊಮ್ಮಗ. ಅವನು ಕೇಳಿದ್ದು ತಪ್ಪೇನಲ್ಲ. ಇದನ್ನು ಕಟ್ಟಿದವರ ಉದ್ದೇಶವೇ ಅದಾಗಿತ್ತು.

ಫಿರಂಗಿ ಬರುವ ಮೊದಲು ಗೋಡೆ ಎತ್ತರವಾದಷ್ಟೂ ಒಳಗಿದ್ದವರಿಗೆ ಧೈರ್ಯ ಹೆಚ್ಚು. ಫಿರಂಗಿ ಬಂದ ಮೇಲೆ ಎತ್ತರದ ಕಲ್ಲುಗೋಡೆ ದೂರದಿಂದ ಗುರಿಯಿಡಲು ಸುಲಭವಾದದ್ದಾಯಿತು. ಗುಂಡು ತಗುಲಿದರೆ ಕಲ್ಲು ಸಿಡಿದು ಒಳಗಿನವರನ್ನೇ ಕೊಲ್ಲುತ್ತಿತ್ತು. ಮಣ್ಣು ಹಾಗಲ್ಲ, ಅದು ಗುಂಡನ್ನು ನುಂಗಿಕೊಳ್ಳುತ್ತದೆ. ಆದ್ದರಿಂದ ಗೋಡೆಯನ್ನು ತಗ್ಗಿಸಿ, ದಪ್ಪಗೊಳಿಸಿ, ಮಣ್ಣು ತುಂಬಿಸಿ, ಹೊರಮೈಗೆ ಮಾತ್ರ ಇಟ್ಟಿಗೆ ಕಟ್ಟಿದರು. ದುಂಡನೆಯ ಬುರುಜಿನ ಬುಡದಲ್ಲಿ ಅಕ್ಕಪಕ್ಕದವರ ಗುಂಡು ತಲುಪದ ಒಂದು ಮರೆ ಉಳಿಯುತ್ತದೆ, ಶತ್ರು ಅಲ್ಲಿ ಅಡಗಿ ಅಡಿಪಾಯ ಅಗೆಯಬಹುದು. ಕೊತ್ತಲವನ್ನು ಬಾಣದ ಮೊನೆಯಂತೆ ಚೂಪಾಗಿಸಿದರೆ ಆ ಮರೆ ಇಲ್ಲವಾಗಿ, ಪ್ರತಿಯೊಂದು ಗೋಡೆಯ ಬುಡವೂ ಪಕ್ಕದ ಕೊತ್ತಲದ ಕಣ್ಣಳತೆಗೆ ಸಿಗುತ್ತದೆ. ನಕ್ಷತ್ರದ ಆಕಾರ ಬಂದದ್ದು ಈ ಲೆಕ್ಕದಿಂದ. ಇದನ್ನೆಲ್ಲ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎಷ್ಟೋ ಸಲ ಬಿಡಿಸಿದ್ದ ನಾನು, ಆ ಗೆರೆಗಳು ನೀರಿನಲ್ಲಿ ನೆರಳಾಗಿ ಬಿದ್ದಿದ್ದುದನ್ನು ಕಂಡು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಕಂದಕದ ದಡದಲ್ಲಿ ಹಿರಿಯರೊಬ್ಬರು ಮಡಚುವ ಕುರ್ಚಿಯಲ್ಲಿ ಕುಳಿತು ಗಾಳ ಹಾಕಿದ್ದರು. ಮೊಮ್ಮಗನ ಉಣ್ಣೆಯ ಟೋಪಿ ಗಾಳಿಗೆ ಹಾರಿ ನೀರಿಗೆ ಬಿದ್ದಾಗ, ಅವರು ಏನೂ ಮಾತಾಡದೆ ಎದ್ದು ಮೀನು ಎತ್ತುವ ಬಲೆಯಿಂದ ಅದನ್ನು ಎತ್ತಿ, ಹಿಂಡಿ, ಅವನ ಕೈಗೆ ಕೊಟ್ಟರು. ನಂತರ ಆಕಾಶ ನೋಡಿ ಡಚ್ ಭಾಷೆಯಲ್ಲಿ ಏನೋ ಹೇಳಿದರು, ಮಗಳು ಅದನ್ನು ಕನ್ನಡಕ್ಕೆ ತಂದಳು: "ಏಪ್ರಿಲ್ ತನಗೆ ಬೇಕಾದ್ದನ್ನು ಮಾಡುತ್ತದೆ ಅಂತ ಇಲ್ಲಿಯವರ ಗಾದೆ, ಅಮ್ಮಾ." ನಾನು ಕೋಟೆ ನೋಡಲೆಂದೇ ಬಂದವಳು ಎಂದು ತಿಳಿದಾಗ ಅವರು ಇಂಗ್ಲಿಷಿಗೆ ಹೊರಳಿ ಬಹಳ ಹೊತ್ತು ಮಾತಾಡಿದರು. ಚಳಿಗಾಲ ಬಿರುಸಾಗಿದ್ದ ವರ್ಷಗಳಲ್ಲಿ ಈ ಕಂದಕ ಹೆಪ್ಪುಗಟ್ಟಿ, ಬಾಲ್ಯದಲ್ಲಿ ತಾವು ನಕ್ಷತ್ರದ ಸುತ್ತಲೂ ಸ್ಕೇಟಿಂಗ್ ಮಾಡಿದ್ದನ್ನು ಹೇಳಿದರು. ಶತ್ರು ಬಂದಾಗ ಇಲ್ಲಿಯ ಜನ ತೂಬು ತೆರೆದು ತಮ್ಮದೇ ಹೊಲಗಳನ್ನು ಮುಳುಗಿಸುತ್ತಿದ್ದರಂತೆ, ಅದೂ ಸರಿಸುಮಾರು ಮೊಣಕಾಲಿನ ಮಟ್ಟಕ್ಕೆ ಮಾತ್ರ. "ಸೈನಿಕರು ಫಿರಂಗಿ ಎಳೆದುಕೊಂಡು ನಡೆಯಲಾರದಷ್ಟು ಆಳ, ದೋಣಿ ತೇಲಲಾರದಷ್ಟು ಕಡಿಮೆ. ಕೆಳಗೆ ಕಾಲುವೆ ಎಲ್ಲಿದೆಯೆಂದು ಪರಊರಿನವರಿಗೆ ಕಾಣುವುದೂ ಇಲ್ಲ" ಎಂದು ಕೈಯಿಂದ ಮೊಣಕಾಲು ಮುಟ್ಟಿ ತೋರಿಸಿದರು. ರೈಲಿನಲ್ಲಿ ಕೇಳಿಕೊಂಡ ಪ್ರಶ್ನೆಗೆ ಉತ್ತರ ದೊರೆತಿತ್ತು. ಪೂರ್ವದ ಗೋಯಿ ಸೀಮೆಯ ಒಣ ಮರಳುನೆಲದಿಂದ ಆಮ್‌ಸ್ಟರ್‌ಡ್ಯಾಮಿನ ಕಡೆಯ ಜವುಗಿಗೆ ಇಳಿಯುವ ದಾರಿಯ ಬಾಯಿಯಲ್ಲಿ ನಾರ್ಡನ್ ಕುಳಿತಿದೆ. ಅಕ್ಕಪಕ್ಕ ಮುಳುಗಿದರೆ ದಾರಿ ಇದೊಂದೇ. ಆಮ್‌ಸ್ಟರ್‌ಡ್ಯಾಮಿನ ರಕ್ಷಣಾ ರೇಖೆಯನ್ನು 1996ರಲ್ಲೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು; 2021ರಲ್ಲಿ ಆ ತಾಣವನ್ನು ವಿಸ್ತರಿಸಿ ಡಚ್ ಜಲ ರಕ್ಷಣಾ ರೇಖೆಗಳೆಂದು ಹೆಸರಿಟ್ಟಾಗ ನಾರ್ಡನ್ ಕೋಟೆಯೂ ಅದರೊಳಗೆ ಬಂದಿತು.

ದಿಬ್ಬದ ಮೇಲೆ ಬುತ್ತಿ

1877ರಲ್ಲಿ ಕಟ್ಟಿದ ಉಟ್ರೆಕ್ಟ್ ದ್ವಾರವನ್ನು ಹಾದು ಒಳಗೆ ಹೋದೆವು. ನಮ್ಮ ಕೋಟೆಗಳ ಹೆಬ್ಬಾಗಿಲಿನ ಗಾಂಭೀರ್ಯ ಅದಕ್ಕಿಲ್ಲ, ಇಟ್ಟಿಗೆಯ ಅಚ್ಚುಕಟ್ಟಾದ ಕಮಾನು ಅಷ್ಟೇ. ಊರೊಳಕ್ಕೆ ನುಗ್ಗುವ ಬದಲು ಕೋಟೆಯ ದಿಬ್ಬದ ಮೇಲಿನ ಕಾಲುದಾರಿ ಹಿಡಿದೆವು. ಮೊದಲ ಬಾರಿ ಬರುವವರು ಹೀಗೇ ಮಾಡುವುದು ಒಳ್ಳೆಯದು. ಕೋಟೆಯ ಆಕಾರ ಕಾಲಿಗೆ ಅರ್ಥವಾದ ಮೇಲೆ ಊರಿನ ಬೀದಿಗಳು ಯಾಕೆ ಹೀಗೆ ತಿರುಗಿವೆ ಎಂಬುದು ತಾನಾಗಿ ತಿಳಿಯುತ್ತದೆ. ಎಡಕ್ಕೆ ಊರಿನ ಹಿತ್ತಿಲುಗಳು, ತೂಗುಹಾಕಿದ ಬಟ್ಟೆ, ಮಕ್ಕಳ ಜೋಕಾಲಿ. ಬಲಕ್ಕೆ ಒಳಗಿನ ಕಂದಕ, ಅದರಾಚೆ ದ್ವೀಪಗಳಂತೆ ನಿಂತ ಹೊರಕೋಟೆಯ ತುಣುಕುಗಳು, ಅವುಗಳಾಚೆ ಮತ್ತೊಂದು ಕಂದಕ. ಮೊನೆಗೆ ಹೋಗಿ ತಿರುಗಿ ಬರುವುದು, ಮತ್ತೆ ಮುಂದಿನ ಮೊನೆಗೆ ಹೋಗುವುದು. ಹೀಗೆ ನಡೆಯುವಾಗ ಚರ್ಚಿನ ಗೋಪುರ ಒಮ್ಮೆ ಎದುರಿಗೆ, ಒಮ್ಮೆ ಬೆನ್ನಿಗೆ ಬಂದು ದಿಕ್ಕು ತಪ್ಪಿಸುತ್ತದೆ.

ಈಗ ಕಾಣುವ ಈ ರೂಪ ಬಹುಪಾಲು 1675ರಿಂದ 1685ರವರೆಗೆ ಮೂಡಿದ್ದು. 1672ರಲ್ಲಿ ಫ್ರಾನ್ಸಿನ ಸೇನೆ ನಾರ್ಡನ್ನನ್ನು ಹಿಡಿದುಕೊಂಡಿತ್ತು. ಮರುವರ್ಷ ಡಚ್ಚರ ನಾಯಕ ಮೂರನೆಯ ವಿಲಿಯಮ್ ಅದನ್ನು ಮರಳಿ ಗೆದ್ದ. ಕೀಲಿಕೈಯಂಥ ಊರೇ ಕೈತಪ್ಪಿದ ಭಯದಿಂದ ಡಚ್ಚರು ಇದನ್ನು ಮತ್ತೆ ಭದ್ರವಾಗಿ ಕಟ್ಟಿದರು. ಮಂಜರಾಬಾದಿಗಿಂತ ನೂರು ವರ್ಷಕ್ಕೂ ಹಳೆಯದು. ಅಲ್ಲಿ ಗುಡ್ಡದ ನೆತ್ತಿಯನ್ನೇ ಕೋಟೆಯಾಗಿಸಿ ಕಲ್ಲಿನಲ್ಲಿ ಬಿಡಿಸಿದ ಚಿತ್ರವನ್ನು ಇಲ್ಲಿ ಮಣ್ಣು ನೀರುಗಳಲ್ಲಿ ಬಿಡಿಸಿದ್ದಾರೆ. ಎರಡರ ಮೇಲೂ ನಿಂತಾಗ ನಕ್ಷತ್ರ ಕಾಣುವುದಿಲ್ಲ. ಅದು ಕಾಣುವುದು ಆಕಾಶದಿಂದ ಮಾತ್ರ. ವಿಮಾನವಿಲ್ಲದ ಕಾಲದಲ್ಲಿ ಬರೀ ಹಗ್ಗ, ಗೂಟ, ಲೆಕ್ಕಗಳಿಂದ ಇಷ್ಟು ದೊಡ್ಡ ಆಕಾರವನ್ನು ನೆಲಕ್ಕೆ ಇಳಿಸಿದವರ ಬಗ್ಗೆ ನನಗೆ ತುಂಬಾ ಗೌರವವಿದೆ.

ಒಂದು ಕೊತ್ತಲದ ಮೊನೆಯಲ್ಲಿ ಬೆಂಚು ಸಿಕ್ಕಿತು. ಮಗಳು ಬೆಳಿಗ್ಗೆಯೇ ಎದ್ದು ಮಾಡಿದ್ದ ಚಪಾತಿ, ಬೀನ್ಸ್ ಪಲ್ಯ, ನಿಂಬೆಹಣ್ಣಿನ ಚಿತ್ರಾನ್ನಗಳ ಡಬ್ಬಿ ಬಿಚ್ಚಿದೆವು. ಎರಡು ತುತ್ತು ತಿನ್ನುವಷ್ಟರಲ್ಲಿ ಬಿಸಿಲು ಆರಿ, ಆಲಿಕಲ್ಲು ಶುರುವಾಯಿತು. ಕಡಲೆಬೇಳೆಯಷ್ಟು ಸಣ್ಣ ಬಿಳಿಯ ಕಾಳುಗಳು ಚಿತ್ರಾನ್ನದ ಮೇಲೆಯೂ ಬಿದ್ದವು. ದಿಬ್ಬದ ಮೇಲೆ ಮರೆಯೇ ಇಲ್ಲ. ಡಬ್ಬಿ ಮುಚ್ಚಿಕೊಂಡು ಇಳಿಜಾರಿನಲ್ಲಿ ಓಡುವಾಗ ನಾನು ಹುಲ್ಲಿನ ಮೇಲೆ ಜಾರಿ ಕುಳಿತೆ, ಏಟೇನೂ ಆಗಲಿಲ್ಲ. ಈ ತಿಂಗಳಲ್ಲಿ ಬರುವವರು ಛತ್ರಿಯ ಬದಲು ತಲೆ ಮುಚ್ಚುವ ಮಳೆಯಂಗಿ ತರಬೇಕು, ಈ ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಪಾದರಕ್ಷೆ ಹುಲ್ಲಿನ ಮೇಲೆ ಹಿಡಿತವಿರುವಂಥದ್ದಾಗಿರಲಿ.

ಬೀದಿಯಲ್ಲಿ ಸಿಕ್ಕ ಮೊದಲ ತಿಂಡಿಯಂಗಡಿಗೆ ಹೊಕ್ಕೆವು. ಬಟಾಣಿಯ ಗಟ್ಟಿ ಸಾರು ಕುಡಿಯೋಣವೆಂದರೆ ಅದರಲ್ಲಿ ಮಾಂಸ ಸೇರಿಸುವುದು ಇಲ್ಲಿಯ ವಾಡಿಕೆ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು. ಅದರ ಬದಲು ಪೊಫರ್‌ಚೆಸ್ ತರಿಸಿದೆವು. ತಟ್ಟೆ ಬಂದಾಗ ನಾನು ಒಂದು ಕ್ಷಣ ಸುಮ್ಮನೆ ನೋಡಿದೆ. ಗುಳಿಗಳಿರುವ ಕಾವಲಿಯ ಮೇಲೆ ಹಿಟ್ಟು ಹೊಯ್ದು, ಕಡ್ಡಿಯಿಂದ ತಿರುವಿ ಬೇಯಿಸಿದ ಪುಟ್ಟ ಪುಟ್ಟ ಬಿಲ್ಲೆಗಳು, ಅಂದರೆ ನಮ್ಮ ಪಡ್ಡುವೇ, ಸ್ವಲ್ಪ ಚಪ್ಪಟೆ ಅಷ್ಟೇ. ಮೇಲೆ ಚಟ್ನಿಯ ಬದಲು ಬೆಣ್ಣೆ, ಸಕ್ಕರೆ ಪುಡಿ. ನಾನು ಅಡಿಗೆಮನೆಯ ಬಾಗಿಲಿಗೆ ಹೋಗಿ ಕಾವಲಿಯನ್ನು ನೋಡಬಹುದೇ ಎಂದು ಕೇಳಿದೆ. ಅಂಗಡಿಯ ಹೆಂಗಸು ಅದನ್ನು ಬಟ್ಟೆಯಲ್ಲಿ ಹಿಡಿದು ತಂದು ತೋರಿಸಿದಳು. ನಮ್ಮ ಮನೆಯಲ್ಲೂ ಇಂಥದ್ದಿದೆ, ನನ್ನ ಅತ್ತೆಯವರ ಕಾಲದ್ದು, ಅದರಲ್ಲಿ ನಾವು ಅಕ್ಕಿ ಉದ್ದಿನ ಹಿಟ್ಟು ಹೊಯ್ಯುತ್ತೇವೆ ಎಂದು ಹೇಳಿದಾಗ, ಈರುಳ್ಳಿ ಹಾಕುತ್ತೀರಾ, ಎಷ್ಟು ಹೊತ್ತು ಹುಳಿ ಬರಿಸುತ್ತೀರಿ ಎಂದು ಆಕೆ ಒಂದೊಂದಾಗಿ ಕೇಳಿ ತಿಳಿದುಕೊಂಡಳು.

ಕೊತ್ತಲದ ಹೊಟ್ಟೆಯೊಳಗೆ

ಆರು ಕೊತ್ತಲಗಳಲ್ಲಿ ಒಂದಾದ ಟರ್ಫ್‌ಪೋರ್ಟ್‌ನಲ್ಲಿ ಕೋಟೆಯ ವಸ್ತುಸಂಗ್ರಹಾಲಯವಿದೆ. ಟರ್ಫ್ ಎಂದರೆ ಜವುಗಿನಿಂದ ತೆಗೆದು ಒಣಗಿಸಿ ಒಲೆಗೆ ಹಾಕುತ್ತಿದ್ದ ಮಣ್ಣುಗಡ್ಡೆ. ಹೊರಗಿನಿಂದ ಹುಲ್ಲಿನ ದಿಬ್ಬ. ಬಾಗಿಲು ದಾಟಿದರೆ ಇಟ್ಟಿಗೆಯ ಕಮಾನುಗಳು, ಕತ್ತಲ ಓಣಿಗಳು, ಮದ್ದಿನ ಕೋಣೆಗಳು, ಕಂದಕದ ಕಡೆಗೆ ಬಾಯಿ ತೆರೆದ ಫಿರಂಗಿ ಕಿಂಡಿಗಳು. ಕೆಲವು ನಿಗದಿತ ದಿನಗಳಲ್ಲಿ ಹಳೆಯ ಸೈನಿಕರ ವೇಷ ತೊಟ್ಟ ಸ್ವಯಂಸೇವಕರು ಫಿರಂಗಿ ಹಾರಿಸಿ ತೋರಿಸುತ್ತಾರೆ. ನಾವು ಹೋದ ದಿನ ಅದಿರಲಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಆ ದಿನಗಳನ್ನು ನೋಡಿಕೊಂಡು ಹೋದರೆ ಒಳ್ಳೆಯದು. ಹವೆ ಹಿತವಾಗಿರುವ ತಿಂಗಳುಗಳಲ್ಲಿ ದೋಣಿಯಲ್ಲಿ ಕಂದಕ ಸುತ್ತಿಸುವ ಏರ್ಪಾಡೂ ಇದೆ.

ಅಲ್ಲಿದ್ದ ಬಿಳಿಕೂದಲಿನ ಸ್ವಯಂಸೇವಕರು ಮೊಮ್ಮಗನೊಂದಿಗೆ ಡಚ್ಚಿನಲ್ಲಿ ಮಾತಿಗಿಳಿದು, ನಮ್ಮನ್ನು ಆಲಿಸುವ ಓಣಿಗೆ ಕರೆದೊಯ್ದರು. ಮುತ್ತಿಗೆಯ ಕಾಲದಲ್ಲಿ ಶತ್ರು ನೆಲದಡಿ ಸುರಂಗ ಕೊರೆದು ಗೋಡೆಯ ಕೆಳಗೆ ಮದ್ದು ಇಡುವ ಅಪಾಯವಿತ್ತು. ಕಾವಲಿನವರು ಈ ಇಕ್ಕಟ್ಟಾದ ಓಣಿಯಲ್ಲಿ ಉಸಿರು ಬಿಗಿಹಿಡಿದು, ಗುದ್ದಲಿಯ ಸದ್ದಿಗಾಗಿ ಕಿವಿಗೊಟ್ಟು ಕೂರುತ್ತಿದ್ದರು. ಅವರು ಹೇಳಿದಂತೆ ಮೊಮ್ಮಗ ಗೋಡೆಗೆ ಕಿವಿಯಿಟ್ಟ. ಓಣಿಯ ಆಚೆ ತುದಿಯಲ್ಲಿ ನಿಂತು ಅವರು ಬೆರಳಿನಿಂದ ತಟ್ಟಿದರು. ಅವನ ಮುಖ ಅರಳಿತು. ಕತ್ತಲಲ್ಲಿ ಮೈಯೆಲ್ಲ ಕಿವಿಯಾಗಿ ಕೂರುವ ಕಾವಲುಗಾರರ ಪಾಡು ನನಗೆ ಒನಕೆ ಓಬವ್ವನ ಕಿಂಡಿಯನ್ನು ನೆನಪಿಗೆ ತಂದಿತು. ನೆಪೋಲಿಯನ್ ಸಿಂಹಾಸನ ಬಿಟ್ಟಿಳಿದ ಮೇಲೂ ಇಲ್ಲಿಯ ಫ್ರೆಂಚ್ ಪಡೆ ಬಾಗಿಲು ತೆರೆಯದೆ 1814ರ ಮೇ ತಿಂಗಳವರೆಗೆ ಕೋಟೆಯನ್ನು ಹಿಡಿದುಕೊಂಡಿತ್ತಂತೆ. ಆ ತಿಂಗಳುಗಳಲ್ಲಿ ಹೊರಗೆ ಮುತ್ತಿಗೆ ಹಾಕಿದ್ದವರು ಡಚ್ಚರೇ. ತಾವು ಕಟ್ಟಿದ ಗೋಡೆ ತಮಗೇ ಎದುರಾಗಿ ನಿಂತ ಈ ಪ್ರಸಂಗವನ್ನು ಹೇಳುವಾಗ ಅವರ ದನಿ ತಗ್ಗಿತ್ತು.

ಗೋಡೆಯ ಮೇಲಿನ ಶಿಲ್ಪ

ಅಲ್ಲಿಂದ ಊರೊಳಗಿನ ಬೀದಿಗೆ ಬಂದೆವು. ಅದೇ ಟರ್ಫ್‌ಪೋರ್ಟ್ ಬೀದಿಯಲ್ಲಿ ಸ್ಪ್ಯಾನಿಷ್ ಮನೆ ಎಂದು ಕರೆಯುವ ಹಳೆಯ ಕಟ್ಟಡವೊಂದಿದೆ. ಅದರ ಮುಖದ ಗೋಡೆಯಲ್ಲಿ ಕಲ್ಲಿನ ಉಬ್ಬುಶಿಲ್ಪ. ಮೊದಲ ನೋಟಕ್ಕೆ ಅಲಂಕಾರವೆಂದು ತೋರಿತು; ಹತ್ತಿರ ಹೋಗಿ ನೋಡಿದರೆ ಅದು ಕೊಲೆಯ ಚಿತ್ರ.

ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನ ವಿರುದ್ಧ ಡಚ್ ಊರುಗಳು ಬಂಡೆದ್ದ ಕಾಲವದು. 1572ರ ಡಿಸೆಂಬರ್ 1ರಂದು ಸ್ಪೇನಿನ ಸೇನಾಪತಿ ಡ್ಯೂಕ್ ಆಫ್ ಆಲ್ಬಾನ ಮಗ ಡಾನ್ ಫಾದ್ರಿಕೆಯ ಸೇನೆ ನಾರ್ಡನ್ನಿಗೆ ಬಂತು. ಪ್ರಾಣಕ್ಕೆ ಅಪಾಯವಿಲ್ಲವೆಂಬ ಭರವಸೆ ಪಡೆದು ಊರಿನವರು ಬಾಗಿಲು ತೆರೆದರು, ಬಂದವರಿಗೆ ಊಟ ಬಡಿಸಿದರು. ಊಟವಾದ ಮೇಲೆ ಗಂಡಸರನ್ನು ಪ್ರಾರ್ಥನಾ ಮಂದಿರವೊಂದಕ್ಕೆ ಸೇರಿಸಿ ಕೊಂದರು, ಊರಿಗೆ ಬೆಂಕಿಯಿಟ್ಟರು. ಬದುಕುಳಿದವರು ಕೆಲವೇ ಮಂದಿ. ಸುದ್ದಿ ಹಬ್ಬಿದಾಗ ಉಳಿದ ಊರುಗಳು ಹೆದರಿ ಶರಣಾಗುತ್ತವೆಂದು ಸ್ಪೇನಿನವರು ಎಣಿಸಿದ್ದರು. ಆದದ್ದು ಬೇರೆ: ಶರಣಾದರೂ ಉಳಿಗಾಲವಿಲ್ಲವೆಂದು ತಿಳಿದ ಹಾರ್ಲೆಮ್ ಪಟ್ಟಣ, ಅದೇ ತಿಂಗಳು ಆರಂಭವಾದ ಮುತ್ತಿಗೆಯನ್ನು ಮರುವರ್ಷದ ಜುಲೈವರೆಗೆ ತಡೆದು ನಿಂತಿತು.

ಬೆಳಿಗ್ಗೆಯಿಂದ ಕೊತ್ತಲಗಳ ಲೆಕ್ಕವನ್ನು ಮೆಚ್ಚಿಕೊಳ್ಳುತ್ತಾ ಬಂದಿದ್ದ ನನಗೆ ಆ ಶಿಲ್ಪದ ಮುಂದೆ ಮಾತು ನಿಂತಿತು. ಬಡಿಸಿದ ಕೈಯನ್ನೇ ಕಡಿದವರ ಕಥೆಯನ್ನು ಒಂಬತ್ತು ವರ್ಷದ ಹುಡುಗನಿಗೆ ಎಷ್ಟು ಹೇಳಬೇಕು? "ಇವರೆಲ್ಲ ಯಾಕೆ ಬಿದ್ದಿದ್ದಾರೆ?" ಎಂದು ಅವನು ಕೇಳಿದಾಗ, ಕೊಟ್ಟ ಮಾತಿಗೆ ತಪ್ಪಿ ಇವರನ್ನು ಕೊಂದರು ಎಂದಷ್ಟೇ ಹೇಳಿದೆ. ಅವನು ಮತ್ತೇನೂ ಕೇಳದೆ ನನ್ನ ಕೈ ಹಿಡಿದುಕೊಂಡ.

ಗ್ರೋಟೆ ಕೆರ್ಕ್

ಆ ಬೆಂಕಿಯಲ್ಲೂ ಉಳಿದದ್ದು ಊರ ನಡುವಿನ ದೊಡ್ಡ ಚರ್ಚು, ಗ್ರೋಟೆ ಕೆರ್ಕ್. ಅದರ ಎದುರಿನ ಪುರಭವನವನ್ನು ದುರಂತದ ನಂತರ, 1601ರಲ್ಲಿ ಕಟ್ಟಿದ್ದು; ಮೆಟ್ಟಿಲು ಮೆಟ್ಟಿಲಾಗಿ ಏರುವ ಅದರ ಇಟ್ಟಿಗೆಯ ಮುಖ ಮಳೆಯಲ್ಲಿ ತೊಯ್ದು ಕೆಂಪೇರಿತ್ತು. ಚರ್ಚಿನ ಬಾಗಿಲು ಮುಚ್ಚಿತ್ತು, ಒಳಗಿನಿಂದ ಹಾಡು ಕೇಳುತ್ತಿತ್ತು. ಈಸ್ಟರ್ ಹತ್ತಿರವಾಗಿದ್ದರಿಂದ ಅಭ್ಯಾಸ ನಡೆಯುತ್ತಿದೆಯೆಂದು ಬಾಗಿಲಲ್ಲಿದ್ದ ಮಹಿಳೆ ಹೇಳಿದರು. ಕ್ರಿಸ್ತನ ಕೊನೆಯ ದಿನಗಳ ಯಾತನೆಯನ್ನು ಹಾಡುವ, ಜರ್ಮನಿಯ ಸಂಗೀತ ರಚನೆಕಾರ ಬಾಖ್‌ನ ಸೇಂಟ್ ಮ್ಯಾಥ್ಯೂ ಪ್ಯಾಶನ್ನನ್ನು ಈ ಚರ್ಚಿನಲ್ಲಿ ಹಾಡಬೇಕೆಂದೇ 1921ರಲ್ಲಿ ನೆದರ್ಲೆಂಡ್ಸ್ ಬಾಖ್ ಸೊಸೈಟಿ ಹುಟ್ಟಿದ್ದು. ಶುಭ ಶುಕ್ರವಾರದ ಆ ಹಾಡುಗಾರಿಕೆಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ನಾವು ದೂರದಿಂದ ಬಂದವರೆಂದು ಕೇಳಿ ಆಕೆ ಸದ್ದು ಮಾಡದೆ ಹಿಂದೆ ನಿಲ್ಲಿರೆಂದು ಹತ್ತು ನಿಮಿಷ ಒಳಬಿಟ್ಟರು.

ತಲೆಯೆತ್ತಿದರೆ ಮರದ ಕಮಾನು ಛಾವಣಿ, ಅದರ ತುಂಬ 16ನೆಯ ಶತಮಾನದ ಆರಂಭದ ಚಿತ್ರಗಳು. ಒಂದು ಪಕ್ಕದಲ್ಲಿ ಹಳೆಯ ಒಡಂಬಡಿಕೆಯ ಕಥೆಗಳು, ಎದುರು ಪಕ್ಕದಲ್ಲಿ ಅವಕ್ಕೆ ಜೋಡಿಯಾಗಿ ಕ್ರಿಸ್ತನ ಕಥೆಗಳು. ಓದುಬರಹ ಬಾರದವರಿಗೆ ಛಾವಣಿಯೇ ಪುಸ್ತಕವಾಗಿದ್ದ ಕಾಲವದು. ಕೆಳಗೆ ಸ್ವೆಟರ್ ತೊಟ್ಟ ಗಾಯಕರು ಒಂದೇ ಸಾಲನ್ನು ನಿಲ್ಲಿಸಿ ನಿಲ್ಲಿಸಿ ಮತ್ತೆ ಹಾಡುತ್ತಿದ್ದರು. ಮೂರನೆಯ ಸಲ ಆ ಸಾಲು ಸರಿಯಾಗಿ ಕೂಡಿಬಂದಾಗ ಅದರ ಅರ್ಥ ತಿಳಿಯದ ನನಗೂ ಗಂಟಲು ಕಟ್ಟಿತು.

ಮೇಷ್ಟರ ಸಮಾಧಿ

ನಾರ್ಡನ್ನಿಗೆ ಹೋಗಬೇಕೆಂದು ನಾನು ಹಟ ಹಿಡಿಯಲು ಕೋಟೆಯಷ್ಟೇ ದೊಡ್ಡದಾದ ಇನ್ನೊಂದು ಕಾರಣವಿತ್ತು. ಶಿಕ್ಷಕರ ತರಬೇತಿಯಲ್ಲಿ ನಾವೆಲ್ಲ ಹೆಸರು ಓದಿ ಮರೆತಿದ್ದ ಕೊಮೇನಿಯಸ್, ಅಂದರೆ ಯಾನ್ ಆಮೋಸ್ ಕೊಮೆನ್‌ಸ್ಕಿ, ಇಲ್ಲಿ ಮಲಗಿದ್ದಾರೆ. 1592ರಲ್ಲಿ, ಇಂದಿನ ಚೆಕ್ ದೇಶಕ್ಕೆ ಸೇರಿದ ಮೊರಾವಿಯಾದಲ್ಲಿ ಹುಟ್ಟಿದ ಇವರು ಧರ್ಮಯುದ್ಧದಿಂದ ಊರು ಬಿಟ್ಟವರು. ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಪ್ಲೇಗಿಗೆ ಕಳೆದುಕೊಂಡರು. ಪೋಲೆಂಡಿನ ಲೆಶ್ನೊದಲ್ಲಿ ನೆಲೆ ನಿಂತರೆ, 1656ರಲ್ಲಿ ಆ ಊರಿಗೆ ಬೆಂಕಿ ಬಿದ್ದು, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕೂಡಿಸಿದ್ದ ಚೆಕ್–ಲ್ಯಾಟಿನ್ ನಿಘಂಟಿನ ಹಸ್ತಪ್ರತಿ ಬೂದಿಯಾಯಿತು. ಆಮೇಲೆ ಆಶ್ರಯ ಕೊಟ್ಟದ್ದು ಆಮ್‌ಸ್ಟರ್‌ಡ್ಯಾಮ್. 1670ರ ನವೆಂಬರಿನಲ್ಲಿ ಅಲ್ಲಿ ತೀರಿಕೊಂಡ ಅವರನ್ನು ನಾರ್ಡನ್ನಿನ ಫ್ರೆಂಚ್ ಭಾಷಿಕರ ಪುಟ್ಟ ಚರ್ಚಿನಲ್ಲಿ ಹೂಳಿದರು. ಆ ಕಟ್ಟಡ ಮುಂದೆ ಸೈನಿಕರ ವಸತಿಯ ಭಾಗವಾಯಿತು, ಸಮಾಧಿ ಮರೆತುಹೋಯಿತು. 20ನೆಯ ಶತಮಾನದಲ್ಲಿ ಅದನ್ನು ಗುರುತಿಸಿ, 1937ರಲ್ಲಿ ಸ್ಮಾರಕವಾಗಿ ತೆರೆದರು. ವರ್ಷಕ್ಕೆ ಒಂದು ಗಿಲ್ಡರಿನ ಹೆಸರಿಗಷ್ಟೇ ಬಾಡಿಗೆಗೆ ಡಚ್ಚರು ಅದನ್ನು ಚೆಕೊಸ್ಲೊವಾಕಿಯಾಕ್ಕೆ ಬಿಟ್ಟುಕೊಟ್ಟರು.

ಪಕ್ಕದ ಸಂಗ್ರಹಾಲಯದಲ್ಲಿ ಟಿಕೆಟ್ ಪಡೆದು ಒಳಗೆ ಹೋದೆವು. ಸ್ಮಾರಕದಲ್ಲಿ ಆಡಂಬರವಿಲ್ಲ. ಚೆಕ್ ಕಲಾವಿದರ ಕಬ್ಬಿಣದ ಜಾಲರಿ, ಚಿತ್ರ ಕೊರೆದ ಗಾಜು, ನಡುವೆ ನೆಲಕ್ಕೆ ಹಾಸಿದ ಕಲ್ಲು. ಅದರ ಮುಂದೆ ವಯಸ್ಸಾದ ದಂಪತಿ ನಿಂತಿದ್ದರು. ಚೆಕ್ ದೇಶದವರು, ಆಕೆಯೂ ನನ್ನ ಹಾಗೆ ನಿವೃತ್ತ ಶಿಕ್ಷಕಿ. ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೆ. ಆಕೆ ಪರ್ಸಿನಿಂದ 200 ಕೊರುನಾ ನೋಟು ತೆಗೆದು ಅದರ ಮೇಲಿನ ಗಡ್ಡದ ಮುಖವನ್ನು ತೋರಿಸಿದರು, ಮತ್ತೆ ನೆಲದ ಕಲ್ಲನ್ನು ತೋರಿಸಿದರು. ಕೊಮೇನಿಯಸ್ ಹುಟ್ಟಿದ ಮಾರ್ಚ್ 28 ತಮ್ಮಲ್ಲಿ ಶಿಕ್ಷಕರ ದಿನವೆಂದು ಹೇಳಿದರು. ನಮ್ಮಲ್ಲಿ ಸೆಪ್ಟೆಂಬರ್ 5, ಅದೂ ಒಬ್ಬ ಮೇಷ್ಟರ ಹುಟ್ಟಿದ ದಿನವೇ ಎಂದು ನಾನು ಹೇಳಿದೆ. ಮೂರು ದಶಕ ಪಾಠ ಹೇಳಿದ ಇಬ್ಬರು ಹೆಂಗಸರು ಅಲ್ಲಿ ಕೈ ಹಿಡಿದುಕೊಂಡು ನಿಂತಿದ್ದೆವು.

ಬಡವರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಶಾಲೆ ಬೇಕು, ಹೊಡೆದು ಕಲಿಸಬಾರದು, ಮಾತಿಗಿಂತ ಮೊದಲು ವಸ್ತುವನ್ನು ತೋರಿಸಬೇಕು ಎಂದು 17ನೆಯ ಶತಮಾನದಲ್ಲೇ ಬರೆದವರು ಇವರು. 1658ರಲ್ಲಿ ಅಚ್ಚಾದ ಇವರ ಆರ್ಬಿಸ್ ಪಿಕ್ಟಸ್ ಮಕ್ಕಳಿಗಾಗಿ ಚಿತ್ರ ಹಾಕಿ ಮಾಡಿದ ಮೊದಮೊದಲ ಪಾಠಪುಸ್ತಕಗಳಲ್ಲಿ ಒಂದು. ಸಂಗ್ರಹಾಲಯದಲ್ಲಿ ಅದರ ಅಕ್ಷರಮಾಲೆಯ ಪುಟವನ್ನು ಕಂಡೆ. ಅಕ್ಷರಗಳನ್ನು ಪ್ರಾಣಿಗಳ ದನಿಯಿಂದ ಕಲಿಸಿದ್ದಾರೆ: ಮೊದಲಿಗೆ ಕಾಗೆ, ಅದು 'ಆ ಆ' ಎನ್ನುತ್ತದೆ, ನಂತರ ಕುರಿಮರಿ, ಅದು 'ಬೇ ಏ ಏ' ಎನ್ನುತ್ತದೆ. 'ಅ ಅಗಸ, ಆ ಆನೆ' ಎಂದು ರಾಗವಾಗಿ ಕಲಿತ, ಹಾಗೆಯೇ ಊರ ಮಕ್ಕಳಿಗೂ ಹೇಳಿಕೊಟ್ಟ ನನಗೆ, ಬೆಂಕಿಯಲ್ಲಿ ನಿಘಂಟು ಸುಟ್ಟುಹೋದ ಎರಡೇ ವರ್ಷಕ್ಕೆ ಈ ಮನುಷ್ಯ ಮಕ್ಕಳಿಗಾಗಿ ಕಾಗೆಯ ಕೂಗನ್ನು ಅಚ್ಚು ಹಾಕಿಸಿದರಲ್ಲ ಎಂದು ಕಣ್ಣು ತುಂಬಿತು. ಹೊರಗಿನ ಎರಡು ಸುತ್ತಿನ ನೀರು, ಆರು ಕೊತ್ತಲ, ಕಿವಿಗೊಡುವ ಓಣಿ ಎಲ್ಲವೂ ಆ ಹೊತ್ತಿಗೆ ನನ್ನ ಮನಸ್ಸಿನಿಂದ ದೂರ ಸರಿದಿದ್ದವು.

ಮರಳುವಾಗ

ಐದು ಗಂಟೆಗೆ ಸಂಗ್ರಹಾಲಯ ಮುಚ್ಚಿತು. ಉಟ್ರೆಕ್ಟ್ ದ್ವಾರದ ಹತ್ತಿರ ಬಂದಾಗ ಮತ್ತೆ ಬಿಸಿಲಿತ್ತು, ಗಾಳ ಹಾಕಿದ್ದ ಹಿರಿಯರು ಕುರ್ಚಿ ಮಡಚಿಕೊಂಡು ಹೋಗಿದ್ದರು. ಕಂದಕದಲ್ಲಿ ಎರಡು ಹಂಸಗಳು ಒಂದು ಮೊನೆಯಿಂದ ಇನ್ನೊಂದರ ಕಡೆಗೆ ನಿಧಾನವಾಗಿ ಹೋಗುತ್ತಿದ್ದವು. ಮೊಮ್ಮಗನ ಟೋಪಿ ಇನ್ನೂ ಒದ್ದೆಯಾಗಿದ್ದರಿಂದ ನನ್ನ ಶಾಲನ್ನು ಅವನ ತಲೆಗೆ ಸುತ್ತಿದೆ.

ರೈಲಿನಲ್ಲಿ ಅವನು ಸಂಗ್ರಹಾಲಯದಲ್ಲಿ ಕೊಟ್ಟಿದ್ದ ಹಾಳೆಯ ಹಿಂಬದಿಯಲ್ಲಿ ನಕ್ಷತ್ರ ಬಿಡಿಸಿದ, ನಾವು ಊಟಕ್ಕೆ ಕುಳಿತ ಕೊತ್ತಲಕ್ಕೆ ಗುರುತು ಹಾಕಿದ. ಶಾಲೆಯಲ್ಲಿ ಡಚ್, ಗೆಳೆಯರ ಜೊತೆ ಇಂಗ್ಲಿಷ್, ಮನೆಯಲ್ಲಿ ಮಾತ್ರ ಕನ್ನಡ ಆಡುವ ಹುಡುಗ. ಓದಲು ಇನ್ನೂ ಬಾರದು. ಸ್ವಲ್ಪ ಹೊತ್ತು ಬಿಟ್ಟು, "ಅಜ್ಜೀ, ಆ ಪುಸ್ತಕದ ಕಾಗೆ ನಮ್ಮ ಊರಲ್ಲಿ ಏನನ್ನುತ್ತೆ?" ಎಂದು ಕೇಳಿದ. ನಾನು ಅವನ ಪೆನ್ಸಿಲ್ ತೆಗೆದುಕೊಂಡು ನಕ್ಷತ್ರದ ಪಕ್ಕದಲ್ಲಿ ದೊಡ್ಡದಾಗಿ 'ಕಾ' ಎಂದು ಬರೆದೆ. ಅವನು ಅದರ ಮೇಲೆ ಬೆರಳಾಡಿಸಿ, ಕೆಳಗೆ ತಾನೂ ಒಂದು 'ಕಾ' ಬರೆದ, ದೀರ್ಘ ಮರೆತಿದ್ದ. ಹೇಳಿಕೊಟ್ಟೆ. ವೇಸ್ಪ್ ಬರುವ ಹೊತ್ತಿಗೆ ಹಾಳೆಯ ಅಂಚಿನವರೆಗೂ ಕಾಗೆಗಳು ಕೂತಿದ್ದವು.